ಅಕ್ಕನಿಗೆ ಓದಿ ಹೇಳದ ಕಾಗದ

ಬರೆದುಕೊಂಡೆಯಾ ಪುಟ್ಟಿ? ಎಲ್ಲಿ, ಒಂದು ಸಲ ಓದು ನೋಡೋಣ. "ದಿವಂಗತ ಅನಂತರಾಜು ಅವರು ಮಾಗಡಿ ತಾಲ್ಲೂಕು ಕಲ್ಯ ಗ್ರಾಮದಲ್ಲಿ ಜನಿಸಿ, ನಲವತ್ತನಾಲ್ಕು ವರ್ಷ ವಕೀಲರಾಗಿ ಸೇವೆ ಸಲ್ಲಿಸಿ..." ಸಾಕು, ಸಾಕು. ಹೊಡೆದುಹಾಕು ಅದನ್ನು. ಯಾವ ವಕೀಲ ಸತ್ತರೂ ಹೆಸರು ಬದಲಾಯಿಸಿ ಇದನ್ನೇ ಹಾಕಬಹುದು. ವಕೀಲರ ಸಂಘದವರು ಫೋಟೋದ ಕೆಳಗೆ ಹಾಕಲು ನಾಲ್ಕು ಸಾಲು ಕೇಳಿದ್ದಾರೆ, ನಿಜ. ನೀನು ನಾನು ಹೇಳುವಷ್ಟನ್ನೂ ಬರೆದುಕೋ. ನಾಲ್ಕು ಸಾಲು ಆಮೇಲೆ ಆರಿಸಿಕೊಂಡರಾಯಿತು.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ತಾತನನ್ನು ನಾನು ಅವನು, ಇವನು ಅಂತಲೇ ಅನ್ನುವುದು. ನಿನ್ನ ಅಜ್ಜಿ ಮಾಯಮ್ಮ ನನ್ನ ಒಡಹುಟ್ಟಿದ ತಂಗಿ. ತಂಗಿಯ ಗಂಡ ಅಂದಮೇಲೆ ಮರ್ಯಾದೆ ಕೊಡಬೇಕು, ಅದೂ ವಕೀಲ, ಒಪ್ಪುತ್ತೇನೆ. ಆದರೆ ಅನಂತರಾಜು ನಮ್ಮ ಕಲ್ಯದವನೇ, ನಮ್ಮ ಮನೆಯಿಂದ ಮೂರನೇ ಮನೆ. ಗುಂಡಿ ಕಿತ್ತುಹೋದ ಚಡ್ಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದವನು ಕಪ್ಪು ಕೋಟು ಹಾಕಿಕೊಂಡ ಮಾತ್ರಕ್ಕೆ ನನ್ನ ಬಾಯಲ್ಲಿ ಬಹುವಚನ ಬರುವುದಿಲ್ಲ. ನೀನು ಬರೆಯುವಾಗ ಹಾಕಿಕೋ.

ಅವನ ಅಪ್ಪ ಚೆಲುವಯ್ಯ. ಮೂರು ಎಕರೆ ಹೊಲ, ಅದರಲ್ಲೊಂದು ಎಕರೆ ಹಿಪ್ಪುನೇರಳೆ, ಉಳಿದದ್ದರಲ್ಲಿ ರಾಗಿ. ಇಬ್ಬರು ಮಕ್ಕಳು. ದೊಡ್ಡವಳು ಬೈರಮ್ಮ, ನನ್ನ ಓರಗೆಯವಳು. ಅವಳಿಗೆ ಆರು ವರ್ಷವಾದಮೇಲೆ ಹುಟ್ಟಿದವನು ಅನಂತರಾಜು. ಅವನಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ಹೋದಳು. ಮೂರನೇ ಕ್ಲಾಸಿನಲ್ಲಿದ್ದ ಬೈರಮ್ಮ ಸ್ಲೇಟು ತಂದು ಗೂಟಕ್ಕೆ ನೇತುಹಾಕಿ ಒಲೆ ಮುಂದೆ ಕೂತಳು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮುದ್ದೆ ತೊಳಸುತ್ತಿದ್ದಳು. ಬೀಳುತ್ತಾನೆ ಕಣೇ, ಇಳಿಸು ಅಂದರೆ, "ಇಳ್ಸಿದ್ರೆ ಅಳ್ತದೆ ಕಣೆ, ಅಳಾದ್ಕಿಂತ ಬೀಳಾದೇ ವಾಸಿ" ಅನ್ನುತ್ತಿದ್ದಳು. ಎಂಥ ಲೆಕ್ಕವೋ ಅವಳದು!

ಚೆಲುವಯ್ಯ ಬಾವಿ ತೋಡಿಸಿದಾಗ ಅವಳಿಗೆ ಹನ್ನೆರಡು. ಕೂಲಿಯವರ ಜೊತೆ ಬುಟ್ಟಿಯಲ್ಲಿ ಮಣ್ಣು ಹೊತ್ತಳು. ಆಟವೆಂದುಕೊಂಡು ನಾನೂ ಒಂದು ದಿನ ಹೊತ್ತೆ, ಮಾರನೇ ದಿನ ಕುತ್ತಿಗೆ ತಿರುಗಲಿಲ್ಲ. ಅವಳು ನೀರು ಕಾಣುವವರೆಗೂ ಹೊತ್ತಳು. ಆಮೇಲೆ ರೇಷ್ಮೆ ಹುಳು ಸಾಕಿದ್ದೂ ಅವಳೇ. ಹೊತ್ತುಹೊತ್ತಿಗೆ ಸೊಪ್ಪು ಕೊಯ್ದು ಹಾಕಬೇಕು, ಹುಳು ಹಣ್ಣಾದಾಗ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ಗೂಡು ಕಟ್ಟಿದಮೇಲೆ ಬಿಡಿಸಿ ಮೂಟೆ ಕಟ್ಟಬೇಕು. ಆ ಗೂಡು ಮಾರಿಯೇ ಅನಂತರಾಜು ಬೆಂಗಳೂರಿನಲ್ಲಿ ಲಾ ಓದಿದ್ದು. ಗುಡೇಮಾರನಹಳ್ಳಿಯ ಮುನಿರಾಮಯ್ಯನಿಗೆ ಕೊಟ್ಟು ಮದುವೆ ಮಾಡಿದಮೇಲೂ ಬೆಳೆ ಬೆಳೆಗೆ ತವರಿಗೆ ಬಂದು ಹುಳು ಹಣ್ಣು ಮಾಡಿಕೊಟ್ಟು ಹೋಗುತ್ತಿದ್ದಳು.

ಅಂತೂ ಅವನು ವಕೀಲನಾದ. ರಾಮನಗರದ ಈ ಓಣಿಯಲ್ಲಿ ಮನೆ ಮಾಡಿದ. ನನ್ನ ಮನೆಯವರಿಗೂ ಇಲ್ಲೇ ಕೆಲಸವಿತ್ತಲ್ಲ, ಎದುರುಬದುರು ಮನೆ. ಹಾಗಾಗಿ ಅವನ ಸಂಸಾರವನ್ನು ನಾನು ಕಿಟಕಿಯಿಂದಲೇ ನೋಡಿದೆ ಅನ್ನು. ಪುಟ್ಟಿ, ಹೆಂಡತಿ ಮಕ್ಕಳನ್ನು ಅಷ್ಟು ಹಚ್ಚಿಕೊಂಡ ಗಂಡಸನ್ನು ನಾನು ಕಾಣೆ. ಮಧ್ಯಾಹ್ನ ಕೋರ್ಟು ಊಟಕ್ಕೆ ಎದ್ದರೆ ಉಳಿದ ವಕೀಲರು ಹೋಟೆಲಿಗೆ, ಇವನು ಸ್ಕೂಟರು ಹತ್ತಿ ಮನೆಗೆ. ಮುದ್ದೆ ಬಿಸಿ ಆರುವುದರೊಳಗೆ ತಲುಪಬೇಕು. ಚನ್ನಪಟ್ಟಣಕ್ಕೋ ಕನಕಪುರಕ್ಕೋ ಕೇಸಿಗೆ ಹೋದ ದಿನ ಡಬ್ಬಿ. ಚನ್ನಪಟ್ಟಣಕ್ಕೆ ಹೋದರೆ ಬರುವಾಗ ಜೇಬಿನಲ್ಲಿ ಮಕ್ಕಳಿಗೊಂದು ಮರದ ಬೊಂಬೆ, ಖಂಡಿತ. ನಿಮ್ಮಪ್ಪ ಲೋಕೇಶ ಅವನ್ನೆಲ್ಲ ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು ಬಣ್ಣ ಬಿಡುತ್ತದಾ ನೋಡುತ್ತಿದ್ದ. ಬಿಡುತ್ತಿರಲಿಲ್ಲ.

ನಿಮ್ಮತ್ತೆ ಶ್ವೇತಳಿಗೆ ಜಡೆ ಹಾಕುತ್ತಿದ್ದವನೂ ಅವನೇ, ಗೊತ್ತಾ? ಮಾಯಮ್ಮ ಜಡೆ ಹಾಕಿದರೆ ಎಳೆಯುತ್ತಾಳೆ ಅಂತ ಆ ಹುಡುಗಿ ತಲೆಯನ್ನೇ ಕೊಡುತ್ತಿರಲಿಲ್ಲ. ಸರಿ, ಕೋರ್ಟಿಗೆ ಹೊರಡುವ ಮುಂಚೆ ಬಿಳಿ ಪ್ಯಾಂಟು ಬಿಳಿ ಶರ್ಟಿನಲ್ಲಿ ಜಗಲಿ ಮೇಲೆ ಕೂತು ಎರಡು ಜಡೆ ಹೆಣೆದು ಕೆಂಪು ರಿಬ್ಬನ್ ಕಟ್ಟಿ ಸ್ಕೂಲಿಗೆ ಬಿಡುವುದು. ಒಂದು ದಿನ ಕೋರ್ಟಿನಲ್ಲಿ ಜೋರಾಗಿ ವಾದ ನಡೆಯುತ್ತಿದೆ, ಬೇಸಿಗೆ, ಬೆವರು. ಮುಖ ಒರೆಸಿಕೊಳ್ಳೋಣ ಅಂತ ಕೋಟಿನ ಜೇಬಿಗೆ ಕೈ ಹಾಕಿ ಎಳೆದರೆ ಮೊಳದುದ್ದ ಕೆಂಪು ರಿಬ್ಬನ್! ಜಡ್ಜು ಕನ್ನಡಕ ಸರಿಮಾಡಿಕೊಂಡು, "ಏನ್ರೀ ವಕೀಲರೇ ಅದು, ದಾಖಲೆಯೇ?" ಅಂದರಂತೆ. "ಅಲ್ಲ ಸ್ವಾಮಿ, ಮಗಳದು. ಎಡಗಡೆ ಜಡೆಗೆ ಕಟ್ಟೋದು ಮರೆತುಬಿಟ್ಟೆ" ಅಂದನಂತೆ. ಅಲ್ಲಿ ಸ್ಕೂಲಿನಲ್ಲಿ ಶ್ವೇತ ಒಂದು ಜಡೆ ಬಿಚ್ಚಿಕೊಂಡು ಅಳುತ್ತಾ ಕೂತಿದ್ದಳು. ಸಂಘದವರಿಗೆ ಇದನ್ನೇ ಬರೆದುಕೊಡು, ಹಳೇ ವಕೀಲರು ಇವತ್ತಿಗೂ ನಗುತ್ತಾರೆ.

ಎಲ್ಲಿದ್ದೆ? ಹಾಂ, ಬೈರಮ್ಮ. ಇಷ್ಟು ಹೊತ್ತೂ ನಾನು ಹೇಳಬೇಕೆಂದುಕೊಂಡಿದ್ದು ಅದನ್ನೇ.

ಗೌರಿ ಹಬ್ಬ ಮುಗಿದ ವಾರವೆಂದರೆ ಆಗ ವಕೀಲರಿಗೊಂದು ಸುಗ್ಗಿ. ಹೆಣ್ಣುಮಕ್ಕಳು ಬಾಗಿನಕ್ಕೆಂದು ತವರಿಗೆ ಬಂದಿರುತ್ತಾರೆ. ಒಂದು ಜೊತೆ ಮೊರ, ಒಳಗೆ ಬಳೆ ಬಿಚ್ಚೋಲೆ, ಅಕ್ಕಿ ಬೇಳೆ ಬೆಲ್ಲ, ಜೊತೆಗೊಂದು ಸೀರೆ. ಮಾರನೇ ದಿನವೇ ಅಣ್ಣತಮ್ಮಂದಿರು, "ಹೆಂಗೂ ಬಂದಿದ್ದೀಯಲ್ಲ, ಒಂದ್ ಸೈನ್ ಹಾಕ್ಬುಟ್ಟು ಹೋಗು" ಅಂತ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಬರುವುದು. ಅಪ್ಪನ ಆಸ್ತಿಯಲ್ಲಿ ನನಗೇನೂ ಬೇಡ ಎಂದು ಹೆಣ್ಣುಮಕ್ಕಳು ಬರೆದುಕೊಡುವ ಕಾಗದ, ಹಕ್ಕು ಬಿಡುಗಡೆ ಪತ್ರ. ಆ ವಾರ ಆಫೀಸಿನ ಮುಂದಿನ ಹೊಂಗೆ ಮರದ ಕೆಳಗೆ ನೋಡಬೇಕಿತ್ತು, ಮಡಿಕೆ ಗೆರೆ ಕೂಡ ಅಳಿಯದ ಹೊಸ ಸೀರೆಗಳೇ ಸೀರೆಗಳು. ಪಾಪದವು, ತಮ್ಮ ಸರದಿ ಬರುವವರೆಗೆ ಒಬ್ಬರ ಸೆರಗು ಒಬ್ಬರು ಮುಟ್ಟಿ ನೋಡಿಕೊಂಡು ನಿಂತಿರುತ್ತಿದ್ದವು.

ಚೆಲುವಯ್ಯ ತೀರಿಕೊಂಡು ಒಂದು ವರ್ಷ ಕಳೆದ ಗೌರಿಗೆ ಬೈರಮ್ಮ ಬಂದಳು. ಅನಂತರಾಜು ಆ ವಾರ ಹತ್ತು ಮನೆಯವರ ಕಾಗದ ಟೈಪು ಮಾಡಿಸಿದ್ದ, ಹನ್ನೊಂದನೆಯದಾಗಿ ತನ್ನದೂ ಮಾಡಿಸಿದ. ಅದರಲ್ಲಿ ಮೋಸ ಮಾಡಬೇಕು ಅನ್ನುವುದು ಒಂದು ಎಳ್ಳಿನಷ್ಟೂ ಇರಲಿಲ್ಲ ಕಣವ್ವ. ಹಬ್ಬ ಆದಮೇಲೆ ಸೈನು, ಅದು ಅವನ ಕೈಗೆ ರೂಢಿಯಾಗಿಬಿಟ್ಟಿತ್ತು. ಇವಳು ಕಕ್ಷಿದಾರರ ಅಕ್ಕ ಅಲ್ಲ, ತನ್ನಕ್ಕ ಅನ್ನುವುದು ಅವನಿಗೆ ಹೊಳೆಯಲಿಲ್ಲ.

ಬೈರಮ್ಮನಿಗೆ ತನ್ನ ಹೆಸರಿನ ಮೂರು ಅಕ್ಷರ ಬರುತ್ತಿತ್ತು. ಪೆನ್ನು ಹಿಡಿದು, "ಎಲ್ಲಿಗ್ಲಾ?" ಅಂದಳು.

"ಇಲ್ಲಿ ಕಣಕ್ಕ. ಇಲ್ಲೊಂದು. ಹಿಂದ್ಗಡೆ ಒಂದು."

"ಏನ್ಕಿದು?"

"ಖಾತೆಗೆ."

ಹಾಕಿದಳು. ಅವನು ಅವಳನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ತಿನ್ನಿಸಿ, ಮಾಗಡಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿದು ಕೂರಿಸಿ ಬಂದ.

ಇದಾಗಿ ಐದು ವರ್ಷಕ್ಕೆ ತಾಜ್ ಪಾಷಾ ಬಂದ. ಇಲ್ಲೇ ರೇಷ್ಮೆ ನೂಲು ಬಿಚ್ಚುವ ಕೆಲಸದವನು, ಒಳ್ಳೆಯ ಮನುಷ್ಯ. ಅವನ ತಂಗಿ ನೂರ್ಜಹಾನ್ ಚನ್ನಪಟ್ಟಣಕ್ಕೆ ಮದುವೆಯಾಗಿದ್ದಳು, ಬೊಂಬೆಗೆ ಅರಗಿನ ಬಣ್ಣ ಹಚ್ಚುತ್ತಿದ್ದಳು. ಅವರ ಅಪ್ಪನ ಮನೆ, ನೂಲಿನ ಶೆಡ್ಡು ಎರಡನ್ನೂ ಅಣ್ಣನಿಗೆ ಬಿಟ್ಟುಕೊಟ್ಟೆ ಎಂಬ ಕಾಗದ. ಎಲ್ಲ ತಯಾರಾಗಿತ್ತು.

"ಸೈನ್ ಹಾಕ್ ನೂರ್ಜಹಾನ್, ಟೈಮ್ ಆಯ್ತು. ಅಲ್ಲಿ ಬಾಯ್ಲರ್ ಉರೀತಾ ಐತೆ," ಅಂದ ತಾಜ್ ಪಾಷಾ.

ಅವಳು ಪೆನ್ನು ಮುಟ್ಟಲಿಲ್ಲ. "ವಕೀಲ್ ಸಾಬ್, ನೀವೇ ಒಂದ್ ಸಲ ಓದಿ. ಭಾಯಿಜಾನ್ ಓದಿದ್ರೆ ಬೇಗ ಬೇಗ ಓದ್ಬಿಡ್ತಾರೆ."

ಅನಂತರಾಜು ಓದಿದ. ಸ್ವಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ ಅಂತ ಬಂತು.

"ಸ್ವಇಚ್ಛೆ ಅಂದ್ರೆ?"

"ನಿಮ್ಮ ಮನಸ್ಸಿನಿಂದ ಅಂತ ಕಣಮ್ಮ."

"ನನ್ ಮನಸ್ಸು ಯಾರ್ ಕೇಳಿದ್ರು ಸಾಬ್? ಆಟೋ ಕಳ್ಸಿದ್ರು, ಹತ್ಕೊಂಡ್ ಬಂದೆ." ಅವಳು ನಗುತ್ತಲೇ ಅಂದಳಂತೆ. ಆಮೇಲೆ, "ನಿಮ್ಗೆ ಅಕ್ಕತಂಗಿ ಇದ್ದಾರಾ?"

"ಅಕ್ಕ ಅವ್ರೆ."

"ಅವ್ರಿಗೂ ಹೀಗೇ ಓದಿ ಹೇಳಿದ್ರಾ?"

ಪಾಟೀಸವಾಲಿನಲ್ಲಿ ಎಂಥೆಂಥ ಸಾಕ್ಷಿಗಳ ಬಾಯಿ ಕಟ್ಟಿದವನು, ಪುಟ್ಟಿ. ಅವತ್ತು ಆ ಹೆಣ್ಣುಮಗಳ ಮುಂದಿದ್ದ ಕಾಗದವನ್ನೂ ಪೆನ್ನನ್ನೂ ತಾನೇ ತೆಗೆದಿಟ್ಟ. ತಾಜ್ ಪಾಷಾನನ್ನು ಟೀ ಕುಡಿದುಬಾ ಅಂತ ಹೊರಗೆ ಕಳಿಸಿದ. ನೂರ್ಜಹಾನ್‌ಗೆ, "ಮನೆಗೆ ಹೋಗಿ ಎಂಟು ದಿನ ಯೋಚ್ನೆ ಮಾಡಮ್ಮ. ಕೊಡ್ಬೇಕು ಅನ್ಸಿದ್ರೆ ಬಾ, ಬೇಡ ಅನ್ಸಿದ್ರೂ ಬಾ" ಅಂದ. ಅವಳು ಬಂದಳು. ಶೆಡ್ಡು ಅಣ್ಣನಿಗಿರಲಿ, ಮನೆಯಲ್ಲಿ ಒಂದು ರೂಮು ತನಗಿರಲಿ, ಬಂದಾಗ ಚಾಪೆ ಹಾಸಲು ಅಂದಳು. ತಾಜ್ ಪಾಷಾ ಒಂದು ತಿಂಗಳು ಮುಖ ಊದಿಸಿಕೊಂಡಿದ್ದ. ಆಮೇಲೆ ತಾನೇ ಆ ರೂಮಿಗೆ ಸುಣ್ಣ ಹೊಡೆಸಿದ. ಈಗಲೂ ಹಬ್ಬಕ್ಕೆ ಅವರ ಮನೆಯಿಂದ ಶಾವಿಗೆ ಪಾಯಸ ಬರುತ್ತದಲ್ಲ, ನೀನೇ ಅರ್ಧ ಕುಡಿಯುತ್ತೀಯ.

ಅವತ್ತು ಮಾತ್ರ ಅನಂತರಾಜು ಊಟಕ್ಕೆ ಬರಲಿಲ್ಲ. ಮುದ್ದೆ ಆರಿ ಕಲ್ಲಾಯಿತು. ಮಾಯಮ್ಮ ಮೂರು ಸಲ ನಮ್ಮ ಮನೆಗೆ ಬಂದು, "ಏನಕ್ಕ, ಆಕ್ಸಿಡೆಂಟ್ ಗೀಕ್ಸಿಡೆಂಟ್ ಆಯ್ತಾ?" ಅಂತ ಕೇಳಿ ಹೋದಳು. ಅವನು ಆಫೀಸಿನ ಬೀರುವಿನಲ್ಲಿ ತನ್ನದೇ ಕಾಗದ ಹುಡುಕುತ್ತಾ ಕೂತಿದ್ದ.

ಭಾನುವಾರ ಸ್ಕೂಟರ್ ಹತ್ತಿ ಗುಡೇಮಾರನಹಳ್ಳಿಗೆ ಹೋದ. ಅವರೆಕಾಯಿ ಕಾಲ. ಬೈರಮ್ಮ ಜಗಲಿ ಮೇಲೆ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದಳು.

"ಏನ್ಲಾ ಅನಂತ, ಭಾನ್ವಾರದಾಗೂ ಕೋರ್ಟಾ? ಬ್ಯಾಗ್ ತಕಬಂದಿದ್ದೀಯ!"

"ಒಂದ್ ಕಾಗ್ದ ಓದ್ಬೇಕು. ಕೂತ್ಕ ಅಕ್ಕ."

"ನಾ ಕೂತೇ ಇವ್ನಿ. ನೀ ಕೂತ್ಕ."

ಅವನು ಮೊದಲಿನಿಂದ ಕೊನೆಯವರೆಗೆ ಓದಿದ. ಅವಳ ಕೈ ನಿಲ್ಲಲಿಲ್ಲ, ಕಾಳು ಬಟ್ಟಲಿಗೆ ಬೀಳುತ್ತಲೇ ಇತ್ತು. ಮುಗಿದಮೇಲೆ ಸಿಪ್ಪೆ ಅತ್ತ ತಳ್ಳಿ, "ಇದ್ನ ಓದಾಕೆ ಐದ್ ವರ್ಸ ಬೇಕಾಯ್ತಾ ನಿಂಗೆ?" ಅಂದಳು.

"ನಿಂಗೆ ಗೊತ್ತಿತ್ತಾ ಅಕ್ಕ?"

"ಹಬ್ಬದ ಮಾರ್ನೆ ದಿನ ಹೆಣ್ಮಕ್ಳು ಆಪೀಸ್‌ತಾವ ಯಾಕ್ ನಿಂತ್ಕತಾರೆ ಅಂತ ನಂಗ್ ಗೊತ್ತಾಗಕಿಲ್ವಾ? ಕೇಳಿದ್ರೆ ನಗ್ತಾ ನಗ್ತಾ ಹಾಕ್ಕೊಡ್ತಿದ್ದೆ ಕಣ್ಲಾ. ನೀ ಕೇಳ್ನಿಲ್ಲ. ಖಾತೆಗೆ ಅಂದೆ. ಸೊಂಟದ್ ಮ್ಯಾಲೆ ಹೊತ್ಕಂಡ್ ಸಾಕಿದ್ ಕೂಸು ನಂತಾವ್ಲೂ ವಕೀಲ್ಕೆ ಮಾಡ್ಬುಡ್ತಲ್ಲ ಅಂತ ಬಸ್ನಾಗೆ ಒಸಿ ಅತ್ತೆ. ಅಷ್ಟೆಯ."

ಈ ಮಾತನ್ನು ಅವನು ನನಗೆ ಹೇಳುವಾಗ ನಮ್ಮ ಮನೆ ಮೆಟ್ಟಿಲ ಮೇಲೆ ಕೂತಿದ್ದ. ಕಣ್ಣಿಗೆ ಧೂಳು ಬಿತ್ತು ಅಂದ. ನಾನು ಹೂಂ ಅಂದೆ.

ಅವತ್ತೇ ಅವನು, "ಬಾವಿ ಇರೋ ಎಕ್ರೆ ನಿನ್ನೆಸ್ರಿಗೆ ಬರ್ಕೊಡ್ತೀನಿ" ಅಂದನಂತೆ. ಬೈರಮ್ಮ ಕೈ ಆಡಿಸಿಬಿಟ್ಟಳು.

"ಬ್ಯಾಡ ಕಣಪ್ಪ. ಪಾಲ್ ಇಸ್ಕಂಡ ಹೆಣ್ಗೆ ತವರಿರಕಿಲ್ಲ. ನಮ್ಮೂರ ಹನುಮಂತಮ್ಮನ್ನೇ ನೋಡು. ಪಾಲ್ ಇಸ್ಕಂಡ್ಳು. ಈಗ ಅಣ್ಣನ್ ಮನೆ ಮುಂದ್ಲೇ ಬಸ್ ನಿಂತ್ರೂ ಇಳಿಯಕಿಲ್ಲ. ಮುಂದಿನ್ ಸ್ಟಾಪ್‌ನಾಗೆ ಇಳ್ದು ನಡ್ಕಂಡ್ ಬತ್ತಾಳೆ."

"ನಾ ಹಂಗ್ ಮಾಡ್ತೀನಾ?"

"ನೀ ಇರೋಗಂಟ ಮಾಡಕಿಲ್ಲ. ನೀ ಹೋದ್ಮ್ಯಾಲೆ ನನ್ನ ಯಾರ್ ಕರೀತಾರೆ? ನಿನ್ ಮಗ ಲೋಕೇಸ ಬಂದು, ತಗಾ ಅತ್ತೆ ಅಂತ ಅವ್ನ್ ಬಾಯಾಗೆ ಹೇಳ್ಲಿ. ಆಗ ನೋಡನ."

ನೋಡು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಹೊಲ ಹೋದರೂ ಬಂದರೂ ಹುಟ್ಟಿದ ಮನೆಯ ಬಾಗಿಲು ತನಗೆ ತೆರೆದಿರಬೇಕು, ತಮ್ಮ ಇಲ್ಲದಾದಮೇಲೂ.

ನಿಮ್ಮಪ್ಪನಿಗೆ ಆಗ ಇಪ್ಪತ್ತನಾಲ್ಕು. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಆರು ತಿಂಗಳು. ಬಾವಿ ಇರುವ ಆ ಎಕರೆಯಲ್ಲೇ ಹೊಸ ರೀತಿಯ ಹುಳು ಮನೆ ಕಟ್ಟಬೇಕೆಂದು ಹಗ್ಗ ಹಿಡಿದು ಅಳತೆ ಕೂಡ ಮಾಡಿದ್ದ. ಅವನದೂ ತಪ್ಪು ಅನ್ನಲಾರೆ. ಅವರ ಜಗಳ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು.

"ಮುಗಿದೋಗಿರೋ ಕೇಸ್‌ನ ನೀವೇ ಎಬ್ಬಿಸ್ತೀರಲ್ಲಪ್ಪ! ಎಲ್ಲಾ ಲಾಯರ್‌ಗಳು ಅವ್ರ ಪಾರ್ಟೀನ ಗೆಲ್ಲಿಸ್ತಾರೆ, ನೀವು ಎದುರು ಪಾರ್ಟೀನ ಗೆಲ್ಲಿಸ್ತೀರ."

"ಎದುರು ಪಾರ್ಟಿ ಅಲ್ಲ ಕಣೋ. ನಮ್ಮಕ್ಕ."

"ಬಾವಿ ಎಕ್ರೆ ಕೊಟ್ರೆ ಮಿಕ್ಕಿದ್ದಕ್ಕೆ ನೀರೆಲ್ಲಿಂದ? ನೀವ್ ಕೋರ್ಟಿಂದ ಸ್ಟೇ ತಂದ್ರೆ ಮಳೆ ಬತ್ತದಾ?"

"ನೀರು ಇಬ್ರಿಗೂ ಅಂತ ಬರೀತೀನಿ. ನೀನ್ ಒಂದ್ ಸಲ ಹೋಗಿ ಅತ್ತೆ ತಗೋ ಅನ್ನು. ಅಷ್ಟು ಸಾಕು."

ಲೋಕೇಶ ಹೋದ. ಹೋಗಿ ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ, "ಅಪ್ಪ ತಗೋ ಅಂದವ್ರೆ ಅತ್ತೆ" ಅಂದ. "ನಿಮ್ಮಪ್ಪ ಅಂದಿದ್ ನಂಗೊತ್ತು. ನೀನೇನಂತೀಯ?" ಅಂದಳು ಬೈರಮ್ಮ.  ಕೊಟ್ಟ ನೀರನ್ನೂ ಕುಡಿಯದೆ ಬೈಕು ತಿರುಗಿಸಿಕೊಂಡು ಬಂದುಬಿಟ್ಟ.

ಅನಂತರಾಜು ಬಿಡಬೇಕಲ್ಲ! ಮಾರನೇ ವಾರ ಬೆಳಿಗ್ಗೆ ಎಂಟಕ್ಕೇ ಹೋಗಿ ಅವಳ ಜಗಲಿ ಮೇಲೆ ಕೂತ. ತಗೋತೀನಿ ಅನ್ನುವವರೆಗೆ ಏಳುವುದಿಲ್ಲ, ಊಟವನ್ನೂ ಮಾಡುವುದಿಲ್ಲ ಅಂದ. ಅವಳ ಗಂಡ ಮುನಿರಾಮಯ್ಯ ಕರೆದ,

"ಒಳಕ್ ಬನ್ನಿ ವಕೀಲ್ರೆ, ಊರ್ ಜನ ನೋಡ್ತಾವ್ರೆ, ಸಾಲ ವಸೂಲಿಗೆ ಬಂದವ್ರಂಗ್ ಕೂತಿದ್ದೀರಲ್ಲ!"

"ಸಾಲ ತೀರ್ಸಾಕ್ ಬಂದಿವ್ನಿ ಭಾವ. ಇಸ್ಕಳಾಕೆ ನಿಮ್ ಹೆಂಡ್ತಿ ಒಪ್ತಿಲ್ಲ."

ಒಳಗೆ ಬೈರಮ್ಮ ಬೇಕೆಂತಲೇ ಹಿತಕಬೇಳೆ ಸಾರಿಗೆ ಒಗ್ಗರಣೆ ಹಾಕಿದಳು, ವಾಸನೆಗಾದರೂ ಎದ್ದು ಬರಲಿ ಅಂತ. ಅವನು ಅಲುಗಲಿಲ್ಲ. ಒಂದು ಗಂಟೆ ಆಯಿತು, ಎರಡಾಯಿತು. ಮೂರು ಗಂಟೆಗೆ ಅವಳೇ ತಟ್ಟೆ ಹಿಡಿದು ಹೊರಗೆ ಬಂದಳು. "ತಿನ್ನು. ತಕಂತೀನಿ. ನಿನ್ ಹೊಟ್ಟೆ ನೋಡಕಾಗಕಿಲ್ಲ ನನ್ ಕೈಲಿ, ಹಾಳಾದೋನೆ." ತಮ್ಮ ತಿನ್ನುವುದನ್ನು ನೋಡುತ್ತಾ, "ತಗಂಡಿದ್ದು ನಿನ್ ಹಟಕ್ಕೆ. ನನ್ ಮಾತೇನೂ ಬದ್ಲಾಗ್ನಿಲ್ಲ" ಅಂದಳಂತೆ.

ದಾನಪತ್ರ ರಿಜಿಸ್ಟರ್ ಆಯಿತು. ಆ ದಿನ ಅವನು ಮೊದಲು ಪೂರ್ತಿ ಓದಿ ಹೇಳಿ, ಆಮೇಲೆ ಪೆನ್ನು ಕೊಟ್ಟ.

ಅಲ್ಲಿಂದ ಮುಂದೆ ಅವನ ಆಫೀಸಿಗೆ ಯಾವ ಅಣ್ಣ ತಂಗಿಯನ್ನು ಕರೆತಂದರೂ ಅದೇ ಪಾಠ. ಅಣ್ಣ ಹೊರಗೆ, ತಂಗಿ ಒಳಗೆ, ಕಾಗದ ಪೂರ್ತಿ ಓದುವುದು, ಎಂಟು ದಿನ ಬಿಟ್ಟು ಬನ್ನಿ ಅನ್ನುವುದು. ಬಹಳ ಜನ ಹೆಣ್ಣುಮಕ್ಕಳು ಎಂಟು ದಿನ ಬಿಟ್ಟು ಬಂದು ಸೈನೇ ಹಾಕಿದರು, ಅದು ಬೇರೆ ಮಾತು. ಕೆಲವರು ಹಾಕಲಿಲ್ಲ. ಟೀ ಅಂಗಡಿಯಲ್ಲಿ ಗಂಡಸರು, "ಅನಂತರಾಜುತಾವ ಹೋಗ್ಬ್ಯಾಡ್ರಲಾ, ಅಲ್ಲಿಗೋದ್ರೆ ನಮ್ ಫೀಸೂ ಹೋಯ್ತದೆ, ಹೊಲಾನೂ ಹೋಯ್ತದೆ" ಅಂತ ಆಡಿಕೊಳ್ಳುತ್ತಿದ್ದರು. ಭೂಮಿಗೆ ಬೆಲೆ ಏರುತ್ತಿದ್ದ ಹೊತ್ತಿನಲ್ಲಿ ಅವನ ಆಫೀಸಿನ ಬೆಂಚು ಖಾಲಿಯಾಗುತ್ತಾ ಬಂತು. ಮಾಯಮ್ಮ ಒಂದು ದಿನವೂ ಅದರ ಬಗ್ಗೆ ಸೊಲ್ಲೆತ್ತಲಿಲ್ಲ. ಬೆಂಚು ಖಾಲಿ ಆದದ್ದಕ್ಕೆ ಮಧ್ಯಾಹ್ನ ಬೇಗ ಬರುತ್ತಾನಲ್ಲ ಅಂತ ಅವಳಿಗೆ ಒಳಗೊಳಗೇ ಖುಷಿ.

ಆದರೆ ಮನೆಯೊಳಗಿನ ಒಂದು ಗಂಟು ಮಾತ್ರ ಬಿಚ್ಚಲಿಲ್ಲ. ನಿಮ್ಮಪ್ಪ ಉಳಿದ ಎರಡು ಎಕರೆಯನ್ನು ಅರ್ಧ ಬೆಳೆಯ ಕರಾರಿನಲ್ಲಿ ಬೇರೆಯವರಿಗೆ ವಾರಕ್ಕೆ ಕೊಟ್ಟುಬಿಟ್ಟ, ಆ ಬಾವಿಯ ಕಡೆ ತಲೆ ಹಾಕಲಿಲ್ಲ, ಅತ್ತೆ ಮನೆ ಹೊಸ್ತಿಲನ್ನೂ ತುಳಿಯಲಿಲ್ಲ. ಪ್ರತಿ ಗೌರಿಗೂ ಅನಂತರಾಜುವೇ ಮೊರದ ಬಾಗಿನ ಹೊತ್ತುಕೊಂಡು ಹೋದ. ಬೈರಮ್ಮ ಅವನ ಹಿಂದೆ ಬೀದಿಯ ಕಡೆ ನೋಡಿ, "ಲೋಕೇಸ ಬರ್ನಿಲ್ವಾ?" ಅನ್ನುತ್ತಿದ್ದಳು. "ಶಿಫ್ಟ್ ಐತೆ ಕಣಕ್ಕ" ಅನ್ನುತ್ತಿದ್ದ. ಮಾರನೇ ವರ್ಷ, "ಲೋಕೇಸ?" "ಶಿಫ್ಟ್ ಐತೆ." ಹಬ್ಬದ ದಿನ ಕಾರ್ಖಾನೆಗೂ ರಜೆ ಅಂತ ಅವಳಿಗೆ ಗೊತ್ತಿಲ್ಲವೇ? ಗೊತ್ತು. ಅವಳಿಗೆ ಗೊತ್ತು ಅಂತ ಅವನಿಗೂ ಗೊತ್ತು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು. ಕೋರ್ಟಿನಲ್ಲಿ ಸುಳ್ಳು ಹೇಳದವನು ವರ್ಷಕ್ಕೊಂದು ಸುಳ್ಳನ್ನು ಅಕ್ಕನಿಗೆ ಬಾಗಿನದ ಜೊತೆ ಇಟ್ಟು ಬಂದ. ಬರುವಾಗ ನಮ್ಮ ಮೆಟ್ಟಿಲ ಮೇಲೆ ಕೂತು, "ಬಲವಂತಕ್ಕೆ ಕಳಿಸಿದ್ರೆ ಏನ್ ಬಂತು ಅತ್ತಿಗೆ? ಅವ್ನಾಗೇ ಹೋಗ್ಬೇಕು" ಅನ್ನುತ್ತಿದ್ದ. ಸ್ವಇಚ್ಛೆಯಿಂದ ಅಂತ ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ಹೋದ ಶ್ರಾವಣದಲ್ಲಿ ಅವನು ಹೋದ. ತಿಂಡಿ ತಿಂದು, ಪೇಪರು ಕೇಳಿ, ಅದು ಕೈಗೆ ಬರುವುದರೊಳಗೆ ಗೋಡೆಗೆ ಒರಗಿಬಿಟ್ಟ. ನೀನು ಕಾಲೇಜಿನಲ್ಲಿದ್ದೆ. ಬೈರಮ್ಮ ಬಂದಳಲ್ಲ, ನೀನು ನೋಡಿದೆಯಾ? ಅಳಲಿಲ್ಲ, ಕೂಗಲಿಲ್ಲ. ತಲೆಯ ಹತ್ತಿರ ಕೂತು, "ಬಾಚಣಿಗೆ ಕೊಡ್ರವ್ವ, ಕೂಸಿನ್ ತಲೆ ಕೆದ್ರದೆ" ಅಂದಳು. ಬಾಚಿ ಬೈತಲೆ ತೆಗೆದಳು.  ಮಣ್ಣು ಮಾಡಿ ಬಂದಮೇಲೆ ಜಗಲಿ ತುದಿಯಲ್ಲಿ ಬಹಳ ಹೊತ್ತು ನಿಂತಿದ್ದಳು. ಇರು ಅತ್ತೆ ಅಂತ ಯಾರಾದರೂ ಅಂದಾರು ಅಂತಲೋ ಏನೋ. ಮನೆ ತುಂಬ ಜನ, ನಿಮ್ಮಪ್ಪ ಶಾಮಿಯಾನದವರ ಹತ್ತಿರ ನಿಂತಿದ್ದ, ಅವಳ ಕಡೆ ತಿರುಗಲಿಲ್ಲ. ನಾನು ಕೈ ಹಿಡಿದು ನಮ್ಮ ಮನೆಗೆ ಬಾರೇ ಅಂದರೆ, "ನಿನ್ ಮನೆ ನನ್ ತವರಲ್ವಲ್ಲೆ" ಅಂದಳು. ಕೊನೇ ಬಸ್ಸಿಗೆ ಹೋದಳು. ಹನ್ನೊಂದನೇ ದಿನದ ಕೆಲಸಕ್ಕೆ ಬರಲಿಲ್ಲ, ಮಂಡಿ ನೋವು ಅಂದಳು.

ಸಾವಾದ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಹಾಗಾಗಿ ಬಾಗಿನ ಹೋಗಲಿಲ್ಲ, ಯಾರೂ ಯಾರನ್ನೂ ಕೇಳಲಿಲ್ಲ. ನಿಮ್ಮಪ್ಪನಿಗೊಂದು ನೆಪ ಸಿಕ್ಕಿತ್ತು. ಬರುವ ಭಾನುವಾರಕ್ಕೆ ವರ್ಷದ ತಿಥಿ, ಅಲ್ಲಿಗೆ ಆ ನೆಪ ಮುಗಿಯಿತು. ನಿನ್ನೆ ನಾನು, "ಏನ್ಲಾ ಲೋಕೇಶ, ಅತ್ತೇನ ಕರೆದ್ಯಾ?" ಅಂದೆ. "ಫೋನ್ ಮಾಡಿದೀನಿ ದೊಡ್ಡಮ್ಮ" ಅಂದ. "ಏನಂದ್ಲು?" "ನೋಡನ ಕಣಪ್ಪ ಅಂದ್ರು." ಅವಳ 'ನೋಡನ' ಎಂಥದ್ದು ಅಂತ ಎಂಬತ್ತು ವರ್ಷದಿಂದ ಬಲ್ಲೆ, ಅವಳು ಬರುವುದಿಲ್ಲ. ಹುಟ್ಟಿದ ಮನೆಯವರು ಹೊಸ್ತಿಲಿಗೆ ಬಂದು ಕರೆಯದೆ ಹೆಣ್ಣುಮಗಳು ಬರುವಂತಿಲ್ಲ, ಫೋನಿನಲ್ಲಿ ಕರೆದರೆ ಕರೆದಂತಲ್ಲ. ಭಾನುವಾರ ಅವಳು ಬರದೇಹೋದರೆ, ಮುಂದಿನ ತಿಂಗಳು ಗೌರಿಗೆ ಮೊರ ಯಾರು ಹೊರುತ್ತಾರೆ? ಅಲ್ಲಿಗೆ ಅವಳು ಅವರೆಕಾಳು ಹಿತುಕುತ್ತಾ ಹೆದರಿದ್ದೇ ನಿಜವಾಯಿತು. ಆ ಎಕರೆ ತಗೊಂಡದ್ದಕ್ಕೆ ತವರು ಹೋಯಿತು ಅಂತಲೇ ಅವಳು ಕಣ್ಣು ಮುಚ್ಚುತ್ತಾಳೆ. ನಿಮ್ಮ ತಾತನ ಫೋಟೋಕ್ಕೆ ನಾಲ್ಕಲ್ಲ, ನಲವತ್ತು ಸಾಲು ಬರೆದರೂ ಏನು ಬಂತು?

ನಾನು ಹೇಳಿದರೆ ನಿಮ್ಮಪ್ಪ ದೊಡ್ಡಮ್ಮನ ಉಪದೇಶ ಅನ್ನುತ್ತಾನೆ. ಮಾಯಮ್ಮ ಹೇಳಿದರೆ ಎದ್ದು ಹೊರಗೆ ಹೋಗುತ್ತಾನೆ. ನಿನ್ನ ಮಾತನ್ನು ಮಾತ್ರ ತೆಗೆದುಹಾಕಲಾರ, ಅದು ಅವನಿಗೆ ಅಪ್ಪನಿಂದಲೇ ಬಂದ ಗುಣ.

ಪೆನ್ನು ಇಡು, ಸಾಕು ಬರೆದದ್ದು. ನಿಮ್ಮಪ್ಪ ಅಲ್ಲಿ ಕಾರು ಒರೆಸುತ್ತಾ ಇದ್ದಾನೆ, ಇವತ್ತು ಅವನಿಗೆ ವಾರದ ರಜೆ. ನೀನು ಹೋಗಿ ಮುಂದಿನ ಸೀಟಿನಲ್ಲಿ ಕೂತುಕೋ. ಎಲ್ಲಿಗೆ ಅಂದರೆ ಗುಡೇಮಾರನಹಳ್ಳಿಗೆ ಅನ್ನು. ಬೈದರೆ ಬೈಸಿಕೋ, ಇಳಿಯಬೇಡ. ಮಾಗಡಿಯಲ್ಲಿ ನಿಲ್ಲಿಸಿ ಒಂದು ಕಟ್ಟು ಎಳೇ ವೀಳ್ಯದೆಲೆ ತಗೋ, ಬಲಿತ ಎಲೆ ಬೇಡ, ಬೈರಮ್ಮನಿಗೆ ಹಲ್ಲಿಲ್ಲ. ಅಲ್ಲಿ ಹೋದಮೇಲೆ ನೀನು ಬಾಯಿ ಬಿಡಬೇಡ. ಬಾ ಅತ್ತೆ ಅನ್ನುವುದು ನಿಮ್ಮಪ್ಪನ ಬಾಯಿಂದಲೇ ಬರಲಿ, ಎಷ್ಟು ಹೊತ್ತಾದರೂ ಕಾದುಕೊಂಡು ನಿಂತಿರು. ಮುನಿರಾಮಯ್ಯನಿಗೆ ಕಿವಿ ಕೇಳುವುದಿಲ್ಲ, ಅವನ ಹತ್ತಿರ ಜೋರಾಗಿ ಮಾತಾಡು. ಏಳು, ಹೊರಡು. ಶುಕ್ರವಾರ, ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ, ಅಷ್ಟರೊಳಗೆ ಊರು ದಾಟಿರಬೇಕು.